ಅಳತೆ ಕುಬಸದಿಂದ ಹೊಸ ಕುಬಸ

ಹೊಳಗುಂದ, ಆಲೂರು, ಆದೋನಿ ಕಡೆಯ ನಮ್ಮ ಮನೆಗಳಲ್ಲಿ ಟೇಲರ್ ಹತ್ತಿರ ಹೋಗುವಾಗ ಮೈಗೆ ಸರಿಯಾಗಿ ಕೂಡುವ ಹಳೆಯದೊಂದನ್ನು ಅಳತೆಗೆಂದು ಒಯ್ಯುವುದು ರೂಢಿ. ಹುಕ್ಕಿನ ಜಂಪರಿಗೆ ಇಷ್ಟು ಸಾಕು. ಆದರೆ ಮುಂದೆ ಗಂಟು ಕಟ್ಟುವ ಖಣದ ಕುಬಸ ಹೊಲಿಯುವವರು ಈಗ ಕಡಿಮೆ. ಅಜ್ಜಿಯ ಪೆಟ್ಟಿಗೆಯಲ್ಲಿರುವ ಒಂದೇ ಕುಬಸ ಹರಿದು ಹೋದರೆ ಅದನ್ನು ಕತ್ತರಿಸುವ ಬಗೆಯೂ ಅದರ ಜೊತೆಗೇ ಹೋಗುತ್ತದೆ. ಹಾಗಾಗಿ ಹೊಲಿಗೆ ಬಿಚ್ಚದೆ ಅದನ್ನು ಕಾಗದಕ್ಕೆ ಇಳಿಸುವ ಕ್ರಮವನ್ನು ಇಲ್ಲಿ ಕೊಡುತ್ತಿದ್ದೇವೆ. ಅಂಗಿ, ಜಂಪರು, ಲಂಗಕ್ಕೂ ಇದೇ ಕ್ರಮ.

1. ಹಳೆ ಕುಬಸವನ್ನು ಒಗೆದು, ಇಸ್ತ್ರಿ ಮಾಡಿ, ಒಳಮೈ ಹೊರಗೆ ಮಾಡಿಕೊಳ್ಳಿ. ಎಡ, ಬಲ ಎರಡೂ ಕಡೆ ಅಳೆದು ನೋಡಿ. ಒಂದು ಕಡೆ ಜಗ್ಗಿದ್ದರೆ ಜಗ್ಗದ ಕಡೆಯನ್ನೇ ಇಳಿಸಿ.

2. ಕೌದಿ ಹಾಸಿ, ಅದರ ಮೇಲೆ ಹಳೆ ಪೇಪರ್ ಇಡಿ. ಒಂದೊಂದೇ ಭಾಗವನ್ನು ಸುಕ್ಕಿಲ್ಲದಂತೆ ಹರಡಿ, ಹೊಲಿಗೆಯ ಗೆರೆಯ ಮೇಲೆಯೇ ಗುಂಡುಸೂಜಿಯಿಂದ ಚುಚ್ಚುತ್ತಾ ಹೋಗಿ. ಅಲ್ಲಿ ಮೊದಲೇ ಸೂಜಿಯ ತೂತು ಇರುವುದರಿಂದ ಹಳೆ ಬಟ್ಟೆಗೆ ಪೆಟ್ಟಾಗದು. ಆಮೇಲೆ ಚುಕ್ಕೆಗಳನ್ನು ಪೆನ್ಸಿಲ್‌ನಿಂದ ಕೂಡಿಸಿ.

3. ಬೆನ್ನು, ಎದೆ, ತೋಳು ಬೇರೆಬೇರೆ ಇಳಿಸಿ. ಕಂಕುಳ ಕೆಳಗೆ ಸಣ್ಣ ತುಂಡು ಕೂಡಿಸಿದ್ದರೆ ಅದನ್ನು ಬಿಡಬೇಡಿ; ತೋಳೆತ್ತಿದಾಗ ಬಿಗಿಯಾಗದಂತೆ ಕಾಯುವುದು ಅದೇ. ಟಕ್ ಹಿಡಿದಿದ್ದರೆ ಒಳಗೆ ಎಷ್ಟು ಬಟ್ಟೆ ಮಡಿಚಿದೆ ಎಂದು ಅಳೆದು ಕಾಗದದಲ್ಲಿ ಅಷ್ಟು ಹೆಚ್ಚು ಬಿಡಿ. ಗಂಟಿನ ತುದಿಗಳನ್ನು ಬಿಚ್ಚಿಯೇ ಅಳೆಯಿರಿ.

4. ಹಾಸು ನೂಲು ಯಾವ ದಿಕ್ಕಿಗಿದೆ ಎಂದು ನೋಡಿ ಪ್ರತಿ ಕಾಗದದ ಮೇಲೂ ಬಾಣದ ಗುರುತು ಹಾಕಿ. ಖಣದ ಅಂಚು ತೋಳಿಗೆ ಎಲ್ಲಿ ಬರುತ್ತದೆ ಎಂಬುದನ್ನೂ ಬರೆದುಕೊಳ್ಳಿ. ದಿಕ್ಕು ತಪ್ಪಿದರೆ ಅಳತೆ ಸರಿಯಿದ್ದರೂ ಕುಬಸ ಮೈಗೆ ಕೂಡುವುದಿಲ್ಲ.

5. ಇಳಿಸಿದ ಗೆರೆ ಹೊಲಿಗೆಯದು, ಕತ್ತರಿಯದಲ್ಲ. ಸುತ್ತ ಅರ್ಧ ಇಂಚು, ಪಕ್ಕಗಳಲ್ಲಿ ಮತ್ತು ಕೆಳಮಡಿಕೆಗೆ 1 ಇಂಚು ಬಿಟ್ಟು ಕತ್ತರಿಸಿ. ಮುಂದಿನ ಮತ್ತು ಹಿಂದಿನ ತುಂಡಿನ ಪಕ್ಕದ ಹೊಲಿಗೆ ಗೆರೆಗಳು ಒಂದೇ ಉದ್ದ ಇರಬೇಕು.

6. ಹಳೆಯದು ಎಷ್ಟೋ ಒಗೆತ ಕಂಡು ಕುಗ್ಗಿ ನಿಂತಿರುತ್ತದೆ. ಹೊಸ ಹತ್ತಿ ಬಟ್ಟೆಯನ್ನು ನೆನೆಸಿ ಒಣಗಿಸಿಯೇ ಕತ್ತರಿಸಿ. ಖಣಕ್ಕೆ ಕತ್ತರಿ ಹಾಕುವ ಮುಂಚೆ ಹಳೆ ಸೀರೆಯ ತುಂಡಿನಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡಿ.

ಕೊನೆಗೆ ಪ್ರತಿ ಕಾಗದದ ಮೇಲೂ ಯಾರ ಕುಬಸ, ಯಾವ ವರ್ಷ ಇಳಿಸಿದ್ದು, ಯಾವ ಭಾಗ ಎಂದು ಕನ್ನಡದಲ್ಲಿ ಬರೆದಿಡಿ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದವು. ಅಂದಿನಿಂದ ಶಾಲೆ, ಕಚೇರಿಯ ಮಾತು ಬದಲಾದರೂ ಹಾಸು, ಹೊಕ್ಕು, ಅಂಚು, ಕಂಕುಳು, ಮಡಿಕೆ ಎಂಬ ಮಾತುಗಳು ನಮ್ಮ ಮನೆಗಳಲ್ಲಿ ಉಳಿದಿವೆ. ತೆಲುಗು ಓದುವ ಮೊಮ್ಮಕ್ಕಳನ್ನೂ ಪಕ್ಕಕ್ಕೆ ಕೂಡಿಸಿಕೊಂಡು ಚುಕ್ಕೆ ಕೂಡಿಸಲು ಹೇಳಿ. ಮಾತೂ ಬರುತ್ತದೆ, ಕೈಕೆಲಸವೂ ಬರುತ್ತದೆ.

ನಿಮ್ಮ ಮನೆಯಲ್ಲಿ ಇಂಥ ಹಳೆ ಕುಬಸ ಇದ್ದರೆ, ಸಂಘದ ಮುಂದಿನ ಸಭೆಗೆ ಬರುವಾಗ ತನ್ನಿ. ಎಲ್ಲರೂ ಕೂಡಿ ಕಾಗದಕ್ಕೆ ಇಳಿಸಿಕೊಳ್ಳೋಣ.