ತೂಕ ಇಳಿದಷ್ಟೂ ಬೆಲೆ ಏರುವ ಕೋವಿ

ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಕ ಹೆಚ್ಚಿದಂತೆಲ್ಲ ಬೆಲೆಯೂ ಹೆಚ್ಚುವುದು ಲೋಕರೂಢಿ. ಈ ರೂಢಿಗೆ ತೀರ ವಿರುದ್ಧವಾಗಿ ನಡೆಯುವ ಒಂದು ವಸ್ತು ಇಂಗ್ಲೆಂಡಿನಲ್ಲುಂಟು. ಅದೇ ಹಳೆಯ ಜೋಡುನಳಿಗೆಯ ತೋಟಾ ಕೋವಿ. ಒಂದೇ ಕಾಲದ, ಒಂದೇ ದರ್ಜೆಯ ಎರಡು ಕೋವಿಗಳಲ್ಲಿ ಒಂದು ಏಳು ಪೌಂಡು, ಇನ್ನೊಂದು ಆರು ಪೌಂಡು ತೂಗಿದರೆ, ಅನೇಕ ಸಂಗ್ರಾಹಕರ ಕೈ ಮೊದಲು ಚಾಚುವುದು ಹಗುರವಾದುದರತ್ತ. ಆದರೆ ಆ ಹಗುರತನ ಕುಶಲಿಯ ಕೈಯಿಂದ ಬಂದುದೋ, ಸವೆತದಿಂದ ಬಂದುದೋ ಎಂಬುದನ್ನು ತಿಳಿಯದೆ ಹಣ ತೆತ್ತವನು ಹಣವನ್ನಷ್ಟೇ ಅಲ್ಲ, ಕೈಬೆರಳುಗಳನ್ನೂ ಕಳೆದುಕೊಳ್ಳಬಹುದು!

ತೊಂಬತ್ತಾರರ ಲೆಕ್ಕ

ಈ ಕೋವಿ ಹಾರಿಸುವುದು ಒಂಟಿ ಗುಂಡನ್ನಲ್ಲ, ಹಿಡಿ ಚರೆಯನ್ನು. ಗೌಜಲು, ಫೆಸೆಂಟ್, ಗ್ರೌಸ್ ಮೊದಲಾದ ಹಾರುವ ಹಕ್ಕಿಗಳೇ ಇದರ ಗುರಿ. ದಿನವಿಡೀ ಹೊಲಗದ್ದೆಗಳ ಬೇಲಿಗುಂಟ ನಡೆಯುವ ಬೇಟೆಗಾರನಿಗೆ ಅರ್ಧ ಪೌಂಡು ಕಡಿಮೆಯಾದರೂ ಸಂಜೆಯ ಹೊತ್ತಿಗೆ ದೊಡ್ಡ ಉಪಕಾರ. ಹಾಗೆಂದು ಮನಬಂದಂತೆ ತೂಕವನ್ನು ಇಳಿಸುವಂತಿಲ್ಲ. ಕೋವಿ ಹಗುರವಾದಷ್ಟೂ ಭುಜಕ್ಕೆ ಬೀಳುವ ಒದೆತ ಜೋರು. ಇದಕ್ಕೊಂದು ಹಳೆಯ ಸೂತ್ರವಿದೆ. ಬರ್ಮಿಂಗ್‌ಹ್ಯಾಮಿನ ಪ್ರಸಿದ್ಧ ಕೋವಿ ತಯಾರಕ ಗ್ರೀನರನ ಹೆಸರಿನಲ್ಲಿ ಪ್ರಚಾರದಲ್ಲಿರುವ ಆ ಸೂತ್ರದಂತೆ, ಕೋವಿಯ ತೂಕ ಚರೆಯ ತೂಕದ 96 ಪಟ್ಟು ಇರಬೇಕು. ಒಂದು ಔನ್ಸ್ ಚರೆಗೆ ಆರು ಪೌಂಡು, ಅಂದರೆ ಸುಮಾರು 2.7 ಕಿಲೋಗ್ರಾಂ ತೂಕದ ಕೋವಿ. ಮುಕ್ಕಾಲು ಔನ್ಸಿಗಿಂತ ತುಸು ಹೆಚ್ಚಾದ ಎಂಟರಲ್ಲಿ ಏಳು ಪಾಲು ಔನ್ಸ್ ಚರೆಗೆ ಐದೂಕಾಲು ಪೌಂಡಿನ ಕೋವಿ.

ಈ ಮಿತಿಯೊಳಗೆ ಬ್ರಿಟಿಷ್ ಕುಶಲಿಗಳು ತೋರಿದ ಜಾಣ್ಮೆ ಸೋಜಿಗ ಹುಟ್ಟಿಸುವಂಥದು. ಹನ್ನೆರಡು ಸೀಸದ ಗುಂಡುಗಳು ಸೇರಿ ಒಂದು ಪೌಂಡು ತೂಗುವಾಗ ಅಂಥ ಒಂದು ಗುಂಡು ಹಿಡಿಸುವ ನಳಿಗೆಗೆ ‘12 ಬೋರ್’ ಎಂದು ಹೆಸರು. ಇದರ ಒಳವ್ಯಾಸ 0.729 ಅಂಗುಲ. ‘20 ಬೋರ್’ ಇದಕ್ಕಿಂತ ಕಿರಿದು, ಹಗುರ. ಲಂಡನ್ನಿನ ಚಾರ್ಲ್ಸ್ ಲ್ಯಾಂಕಾಸ್ಟರ್ ಸಂಸ್ಥೆ ‘ಟ್ವೆಲ್ವ್-ಟ್ವೆಂಟಿ’ ಎಂಬ ಹೆಸರಿನಲ್ಲಿ ತಂದ ಕೋವಿ ಬೋರಿನಲ್ಲಿ ಹನ್ನೆರಡು, ತೂಕದಲ್ಲಿ ಇಪ್ಪತ್ತು! ರಾಬರ್ಟ್ ಚರ್ಚಿಲ್ ಎಂಬಾತ 28, 30 ಅಂಗುಲದ ನಳಿಗೆಗಳು ರೂಢಿಯಲ್ಲಿದ್ದ ಕಾಲದಲ್ಲಿ 25 ಅಂಗುಲದ ನಳಿಗೆಯನ್ನು ಬಳಕೆಗೆ ತಂದು ಹೆಸರಾದನು. ಕೊಲೆ ಮೊಕದ್ದಮೆಗಳಲ್ಲಿ ಬಂದೂಕುಗಳ ತಜ್ಞನಾಗಿ ಬ್ರಿಟನ್ನಿನ ನ್ಯಾಯಾಲಯಗಳಲ್ಲಿ ಸಾಕ್ಷ್ಯ ನುಡಿಯುತ್ತಿದ್ದವನೂ ಈತನೇ. ಎರಡೇ ಅಂಗುಲದ ಗಿಡ್ಡ ತೋಟಾಕ್ಕೆಂದು ತಯಾರಾದ ಕೆಲವು 12 ಬೋರ್ ಕೋವಿಗಳಂತೂ ಐದೂವರೆ ಪೌಂಡಿನ ಆಸುಪಾಸಿನಲ್ಲಿವೆ.

ಹೆಸರೊಂದೇ ಸಾಲದು

ಬೆಲೆ ಕಟ್ಟುವಾಗ ತಯಾರಕನ ಹೆಸರಿಗೆ ಮಹತ್ವವುಂಟು. ವೆಸ್ಟ್ಲಿ ರಿಚರ್ಡ್ಸ್ ಸಂಸ್ಥೆ ಬರ್ಮಿಂಗ್‌ಹ್ಯಾಮಿನಲ್ಲಿ 1812ರಲ್ಲಿ ಹುಟ್ಟಿತು. ಲಂಡನ್ನಿನ ಪರ್ಡಿ 1814ರಲ್ಲಿ, ಹಾಲೆಂಡ್ ಅಂಡ್ ಹಾಲೆಂಡ್ 1835ರಲ್ಲಿ ಆರಂಭವಾದವು. ಭಾರತದ ರಾಜಮಹಾರಾಜರೂ ಇಂಥ ಅಂಗಡಿಗಳ ಗಿರಾಕಿಗಳಾಗಿದ್ದರು. 1875ರಲ್ಲಿ ಆನ್ಸನ್ ಮತ್ತು ಡೀಲಿ ಎಂಬಿಬ್ಬರು ರೂಪಿಸಿದ ‘ಬಾಕ್ಸ್‌ಲಾಕ್’ ಯಂತ್ರ ಸರಳ, ಗಟ್ಟಿ. ಪಕ್ಕದ ತಗಡಿನ ಮೇಲೆ ಬಿಡಿಭಾಗಗಳನ್ನು ಜೋಡಿಸುವ ‘ಸೈಡ್‌ಲಾಕ್’ ಹೆಚ್ಚು ಕೈಕೆಲಸ ಬೇಡುವಂಥದು. ಆದುದರಿಂದ ಅದರ ಬೆಲೆ ಬಹುಪಟ್ಟು ಹೆಚ್ಚು. ಕ್ರಮಸಂಖ್ಯೆಯ ಆಧಾರದಿಂದ ತಯಾರಕರ ಹಳೆಯ ದಫ್ತರಗಳಲ್ಲಿ ಹುಡುಕಿದರೆ, ಕೋವಿ ತಯಾರಾದ ವರ್ಷವೂ ಮೊದಲಿದ್ದ ನಳಿಗೆಯ ಉದ್ದವೂ ಅನೇಕ ವೇಳೆ ದೊರೆಯುತ್ತವೆ. ಆದರೆ ಊರೂರಿನ ವ್ಯಾಪಾರಿಗಳು ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ ಕೋವಿಗಳ ಮೇಲೆ ತಮ್ಮ ಹೆಸರನ್ನು ಕೊರೆಯಿಸಿ ಮಾರುತ್ತಿದ್ದುದರಿಂದ, ಅಪರಿಚಿತ ಹೆಸರಿನ ಕೆಳಗೂ ಉತ್ತಮ ಕೆಲಸ ಅಡಗಿರುವುದುಂಟು. ಹೆಸರಾಂತ ಕೋವಿಯೊಳಗೆ ಸವೆದ ನಳಿಗೆ ಇರುವುದೂ ಉಂಟು!

ನಳಿಗೆಯೇ ಜೀವಾಳ

ನಿಜವಾದ ಪರೀಕ್ಷೆ ನಳಿಗೆಯದು. ಒಳಗೆ ತುಕ್ಕು ಹಿಡಿದಾಗ ಅದನ್ನು ಉಜ್ಜಿ ತೆಗೆಯುತ್ತಾರೆ. ಹೊರಗೆ ಕಪ್ಪು ಬಣ್ಣ ಮಾಸಿದಾಗ ಅರ ಹಾಕಿ ನಯಗೊಳಿಸಿ ಮತ್ತೆ ಕಪ್ಪೇರಿಸುತ್ತಾರೆ. ಪ್ರತಿಸಲವೂ ಕೂದಲೆಳೆಯಷ್ಟು ಉಕ್ಕು ಹೋಗುತ್ತದೆ. ನೂರು ವರ್ಷ ಹೀಗೆ ನಡೆದರೆ ಉಳಿಯುವುದೆಷ್ಟು? ನಳಿಗೆಯ ಗೋಡೆ ಅತಿ ತೆಳುವಾದ ಕಡೆಯಲ್ಲಿಯೂ ಅಂಗುಲದ ಸಾವಿರದಲ್ಲಿ ಇಪ್ಪತ್ತು ಪಾಲು, ಅಂದರೆ ಸುಮಾರು ಅರ್ಧ ಮಿಲಿಮೀಟರ್ ದಪ್ಪ ಇರಬೇಕೆಂಬುದು ವ್ಯಾಪಾರದಲ್ಲಿ ರೂಢಿಯಾಗಿರುವ ಅಳತೆ. ಕಣ್ಣಿಗೆ ಕಾಣದ ಈ ದಪ್ಪವನ್ನು ಮಾಪಕದಿಂದಲೇ ಅಳೆಯಬೇಕು.

ಬ್ರಿಟನ್ನಿನಲ್ಲಿ ಈ ವಿಷಯಕ್ಕೆ ಕಾನೂನಿನ ಕಾವಲಿದೆ. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ 1637ರಲ್ಲಿ ರಾಜಸನ್ನದು ದೊರೆಯಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ 1813ರ ಕಾಯಿದೆಯಿಂದ ಹುಟ್ಟಿತು. ಇಲ್ಲಿ ಮಾಮೂಲಿಗಿಂತ ಪ್ರಬಲವಾದ ತೋಟಾ ಹಾರಿಸಿ, ಸಿಡಿಯದೆ ನಿಂತ ನಳಿಗೆಗೆ ಮುದ್ರೆ ಒತ್ತುತ್ತಾರೆ. ಮುದ್ರೆಯ ಕಾಲದಲ್ಲಿದ್ದುದಕ್ಕಿಂತ ಒಳವ್ಯಾಸ ಗೊತ್ತಾದ ಮಿತಿ ಮೀರಿ ಹಿಗ್ಗಿದ್ದರೆ ಆ ಕೋವಿಯನ್ನು ಮರುಪರೀಕ್ಷೆಯಿಲ್ಲದೆ ಅಲ್ಲಿ ಮಾರುವಂತಿಲ್ಲ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದ ‘ಡಮಾಸ್ಕಸ್’ ನಳಿಗೆಯ ಚಿತ್ತಾರ ಎಷ್ಟೇ ಸೊಗಸಾಗಿರಲಿ, ಹೊಗೆಯಿಲ್ಲದ ಮದ್ದಿಗೆ ಪರೀಕ್ಷಿತವಾದ ಮುದ್ರೆ ಇಲ್ಲದಿದ್ದರೆ ಇಂದಿನ ತೋಟಾ ತುಂಬುವುದು ಅಪಾಯ. ಎರಡೂವರೆ ಅಂಗುಲದ ತೋಟಾಕ್ಕೆಂದು ಮಾಡಿದ ಕೋವಿಗೆ ಎರಡೂಮುಕ್ಕಾಲು ಅಂಗುಲದ್ದನ್ನು ತುರುಕುವುದೂ ಅಷ್ಟೇ ಅಪಾಯ.

ಇನ್ನೊಂದು ಪರೀಕ್ಷೆಯನ್ನು ನಮ್ಮ ಗೃಹಿಣಿಯರೂ ಬಲ್ಲರು. ಮಡಕೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುವುದಿಲ್ಲವೇ? ಹಾಗೆಯೇ ನಳಿಗೆಗಳನ್ನು ಕಳಚಿ, ತೂಗುಹಾಕಿ, ಮೆಲ್ಲನೆ ತಟ್ಟಿದರೆ ಗಂಟೆಯಂತೆ ನಾದ ಹೊರಡಬೇಕು. ಬೊದ್ದು ಸದ್ದು ಬಂದರೆ ಎರಡು ನಳಿಗೆಗಳ ನಡುವಣ ಪಟ್ಟಿಯ ಬೆಸುಗೆ ಬಿಟ್ಟಿರುವ ಸಂಭವವುಂಟು.

ಈಚೆಗೆ ಮತ್ತೊಂದು ಚಿಂತೆ ಸೇರಿದೆ. ಸೀಸದ ವಿಷದಿಂದ ಪಕ್ಷಿಗಳಿಗೂ ಪರಿಸರಕ್ಕೂ ಆಗುವ ಹಾನಿಯನ್ನು ತಡೆಯಲು, ಸೀಸದ ಚರೆಯ ಬಳಕೆಯನ್ನು ನಿರ್ಬಂಧಿಸುವ ನಿರ್ಧಾರವನ್ನು ಬ್ರಿಟಿಷ್ ಸರಕಾರ 2025ರಲ್ಲಿ ಪ್ರಕಟಿಸಿತು. ಅಗ್ಗದ ಉಕ್ಕಿನ ಚರೆ ತೆಳು ನಳಿಗೆಯ ಹಳೆಯ ಕೋವಿಗಳಿಗೆ ಸಾಮಾನ್ಯವಾಗಿ ಒಗ್ಗದು; ಮೆತ್ತನೆಯ ಬಿಸ್ಮತ್ ಚರೆ ದುಬಾರಿ. ಕೊಳ್ಳುವವನು ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕಾಗಿದೆ.

ಮರದ ಹಿಡಿ ಮುರಿದರೆ ಹೊಸದನ್ನು ಕೂರಿಸಬಹುದು. ಮಾಸಿದ ಕೆತ್ತನೆಯನ್ನು ಮತ್ತೆ ಕೊರೆಯಿಸಬಹುದು. ಕೆಟ್ಟ ನಳಿಗೆಯ ಬುಡವನ್ನು ಉಳಿಸಿಕೊಂಡು ಹೊಸ ಕೊಳವೆ ತೊಡಿಸುವ ಕ್ರಮವೂ ಇದೆ; ಅದರಿಂದ ಕೋವಿ ಬದುಕುತ್ತದೆ, ಬೆಲೆ ಮಾತ್ರ ಬಹಳ ಇಳಿಯುತ್ತದೆ. ಉಜ್ಜಿ ಹೋದ ಉಕ್ಕು ಮಾತ್ರ ಮರಳಿ ಬಾರದು. ಅದಕ್ಕೆಂದೇ ಬಲ್ಲವರು ಮೊದಲು ಗೋಡೆಯ ದಪ್ಪ ಅಳೆದು, ಬಳಿಕ ಮುದ್ರೆ ಓದಿ, ಕಡೆಗೆ ತಯಾರಕನ ಹೆಸರು ನೋಡುತ್ತಾರೆ.