ಮೈನಸ್ ಮೂರರ ಕಣ್ಣಿಗೆ ಹಿಮಪರ್ವತ

ಮೈನಸ್ ಮೂರು ಪವರ್ ಇರುವ ಕಣ್ಣಿಗೆ ಕನ್ನಡಕವಿಲ್ಲದೆ ಜಗತ್ತು ಎಷ್ಟು ದೂರದವರೆಗೆ ಸ್ಪಷ್ಟ ಗೊತ್ತೇ? ಬರೀ 33 ಸೆಂಟಿಮೀಟರ್. ಒಂದೂವರೆ ಗೇಣು! ಅದರಾಚೆ ಎಲ್ಲವೂ ಕಲಸಿಹೋದ ಬಣ್ಣ. ಈಗ ಅದೇ ಕಣ್ಣು ಕಾಶ್ಮೀರದ ಗುಲ್ಮಾರ್ಗದಲ್ಲಿ ಗೊಂಡೊಲಾ ಎಂಬ ಕೇಬಲ್ ಕಾರ್ ಏರಿ, 3,900 ಮೀಟರಿಗೂ ಮಿಕ್ಕಿದ ಎತ್ತರದಲ್ಲಿ, ಅಫರ್ವತ್ ಶಿಖರದ ಹೆಗಲ ಮೇಲೆ ನಿಂತಿದೆ ಅಂದುಕೊಳ್ಳಿ. ಕೆಳಗೆ ಬೆಳ್ಳಗಿನ ಇಳಿಜಾರು, ಕಾಲಿಗೆ ಎರಡು ಸ್ಕೀ ಹಲಗೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಜಾರಿದರೆ ಸೆಕೆಂಡಿಗೆ 11 ಮೀಟರ್ ದಾಟಿರುತ್ತೀರಿ. ಉಬ್ಬು ಎಲ್ಲಿದೆ, ಗಟ್ಟಿ ಮಂಜುಗಡ್ಡೆ ಎಲ್ಲಿದೆ, ಅಡ್ಡ ಬರುತ್ತಿರುವವರು ಯಾರು, ಎಲ್ಲವನ್ನೂ ಆ ಒಂದು ಸೆಕೆಂಡಿನಲ್ಲಿ ಕಣ್ಣು ಹೇಳಬೇಕು.

ಕೊಡಗಿನ ಸ್ಕೀ ಪಟು ಭವಾನಿ ತೆಕ್ಕಡ ಗುಲ್ಮಾರ್ಗದ ಹಿಮದಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದುಕೊಟ್ಟ ಮೇಲೆ ಈ ಆಟ ನಮ್ಮದಲ್ಲ ಎನ್ನುವ ಮಾತು ಉಳಿದಿಲ್ಲ. ಆದರೆ 'ಕನ್ನಡಕದವರಿಗೆ ಅದೆಲ್ಲ ಆಗಿಬರುವುದಿಲ್ಲ' ಎನ್ನುವ ಮಾತು ಇನ್ನೂ ಇದೆ. ಅದು ನಿಜವೇ ಎಂದು ಬೆನ್ನು ಹತ್ತಿ ಹೊರಟವಳಿಗೆ ಒಂದರ ಹಿಂದೊಂದು ಬಾಗಿಲು ತೆರೆದುಕೊಂಡಿತು. ಒಂದು ಬಾಗಿಲು ಆರ್ಕ್ಟಿಕ್ ತೀರಕ್ಕೆ, ಇನ್ನೊಂದು ಪ್ರಾಗ್‌ನ ಒಂದು ಮನೆಗೆ, ಮತ್ತೊಂದು ನ್ಯೂಯಾರ್ಕ್‌ನ ಪ್ರಯೋಗಶಾಲೆಗೆ!

ಮೊದಲು ಬೆಳಕಿನ ಮಾತು. ಸಮುದ್ರಮಟ್ಟದಿಂದ ಪ್ರತಿ ಸಾವಿರ ಮೀಟರ್ ಏರಿದಂತೆ ನೇರಳಾತೀತ ಕಿರಣಗಳ ತೀಕ್ಷ್ಣತೆ ಸುಮಾರು ಶೇ 10ರಷ್ಟು ಏರುತ್ತದೆ. ಹೊಸ ಹಿಮ ತನ್ನ ಮೇಲೆ ಬಿದ್ದ ಆ ಕಿರಣಗಳಲ್ಲಿ ಶೇ 80ರಷ್ಟನ್ನು ಮತ್ತೆ ಮುಖಕ್ಕೇ ಎರಚುತ್ತದೆ. ಸೂರ್ಯ ತಲೆಯ ಮೇಲೂ ಇದ್ದಾನೆ, ಕಾಲಡಿಯೂ ಇದ್ದಾನೆ! ರಕ್ಷಣೆಯಿಲ್ಲದ ಕಣ್ಣಿನ ಹೊರಪದರ ಸುಟ್ಟು, ಕೆಲವು ಗಂಟೆಗಳ ನಂತರ ಮರಳು ಸುರಿದಂಥ ಉರಿ ಶುರುವಾಗುತ್ತದೆ. ಇದೇ ಹಿಮಗುರುಡು. ಇದಕ್ಕೆ ಆರ್ಕ್ಟಿಕ್‌ನ ಇನ್ಯೂಟ್ ಮತ್ತು ಯೂಪಿಕ್ ಜನ ಶತಮಾನಗಳ ಹಿಂದೆಯೇ ಉತ್ತರ ಕಂಡುಕೊಂಡಿದ್ದರು. ವಾಲ್ರಸ್ ದಂತ, ಕ್ಯಾರಿಬೂ ಕೊಂಬು ಅಥವಾ ಮರವನ್ನು ಮುಖಕ್ಕೆ ಹೊಂದುವಂತೆ ಕೆತ್ತಿ, ಕಣ್ಣಿನ ನೇರಕ್ಕೆ ತೆಳುವಾದ ಸೀಳು ಕೊರೆಯುತ್ತಿದ್ದರು. ನನ್ನನ್ನು ಬೆರಗಾಗಿಸಿದ್ದು ಇದು: ಆ ಸೀಳು ಬೆಳಕನ್ನು ತಡೆಯುವುದಷ್ಟೇ ಅಲ್ಲ, ದೃಷ್ಟಿಯನ್ನೂ ಒಂದಿಷ್ಟು ಚುರುಕು ಮಾಡುತ್ತದೆ! ಕಿರಿದಾದ ಕಂಡಿಯ ಮೂಲಕ ಬಂದ ಬೆಳಕು ಕಣ್ಣಿನೊಳಗೆ ಹೆಚ್ಚು ಚದುರುವುದಿಲ್ಲ. ನಮ್ಮ ಕಣ್ಣಿನ ಡಾಕ್ಟರು ಸಣ್ಣ ತೂತಿನ ತಟ್ಟೆ ಹಿಡಿದು 'ಈಗ ಓದಿ' ಅನ್ನುತ್ತಾರಲ್ಲ, ಅದೂ ಇದೇ ತತ್ವ. ಗಾಜಿನ ಮಸೂರ ಕಾಣದ ಬೇಟೆಗಾರರು ದಂತದ ತುಂಡಿನಲ್ಲಿ ದೃಷ್ಟಿವಿಜ್ಞಾನವನ್ನೇ ಕೆತ್ತಿಬಿಟ್ಟಿದ್ದರು.

ಇಂದಿನ ಗಾಗಲ್ಸ್‌ಗೆ ಶತ್ರು ಮಾತ್ರ ಮಬ್ಬು. ಬಿಸಿ ಸಾರಿನ ಪಾತ್ರೆಯ ಮುಚ್ಚಳ ತೆಗೆದಾಗ ಕನ್ನಡಕಕ್ಕೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ಉಸಿರು, ಬೆವರಿನ ತೇವ ತಣ್ಣಗಿನ ಲೆನ್ಸ್‌ಗೆ ತಾಗಿ ಹನಿಗಟ್ಟುತ್ತದೆ. 1965ರಲ್ಲಿ ಬಾಬ್ ಸ್ಮಿತ್ ಎಂಬ ಅಮೆರಿಕದ ದಂತವೈದ್ಯರು ಎರಡು ಲೆನ್ಸ್‌ಗಳ ನಡುವೆ ಗಾಳಿಯ ಪದರ ಮುಚ್ಚಿಟ್ಟು, ಅಂಚಿಗೆ ಉಸಿರಾಡುವ ಸ್ಪಂಜು ಜೋಡಿಸಿದರು. ಒಳಗಿನ ಲೆನ್ಸ್ ಬೆಚ್ಚಗೇ ಉಳಿಯಿತು, ಮಬ್ಬು ಹಿಂದೆ ಸರಿಯಿತು. ಹಲ್ಲು ನೇರ ಮಾಡುವ ಡಾಕ್ಟರು ಸ್ಕೀ ಲೋಕದ ಕಣ್ಣು ತೆರೆಸಿದರು!

ಕನ್ನಡಕದವರಿಗೆಂದೇ ಇದರಲ್ಲಿ ಎರಡು ದಾರಿಗಳಿವೆ. ಒಂದು, ಕನ್ನಡಕದ ಮೇಲೆಯೇ ತೊಡುವ 'ಓಟಿಜಿ' (ಓವರ್ ದ ಗ್ಲಾಸಸ್) ಗಾಗಲ್ಸ್. ಇದರ ಒಳಗೆ ಹೆಚ್ಚು ಆಳ, ಸ್ಪಂಜಿನಲ್ಲಿ ಕನ್ನಡಕದ ಕಡ್ಡಿ ಹಾದುಹೋಗಲು ಜಾಗ ಇರುತ್ತದೆ. ಆದರೆ ಮಬ್ಬು ಕವಿಯಬಲ್ಲ ಲೆನ್ಸ್ ಇಲ್ಲಿ ಇನ್ನೊಂದು ಜೋಡಿ ಹೆಚ್ಚು. ಮತ್ತೊಂದು, ನಿಮ್ಮ ಪವರಿನ ಪುಟ್ಟ ಲೆನ್ಸ್ ಚೌಕಟ್ಟನ್ನು ಗಾಗಲ್ಸ್‌ನ ಒಳಗೇ ಸಿಕ್ಕಿಸುವುದು. ಕಿವಿಯ ಮೇಲೆ ಹೆಲ್ಮೆಟ್ ಒತ್ತುವ ನೋವು ಇದರಲ್ಲಿಲ್ಲ. ಯಾವುದಾದರೂ ಸರಿ, ಗಾಜಿನ ಲೆನ್ಸ್ ಬೇಡವೇ ಬೇಡ. ಬಿದ್ದಾಗ ಚೂರಾಗದ ಪಾಲಿಕಾರ್ಬೊನೇಟ್ ಇರಲಿ.

ಇನ್ನು ಕಾಂಟ್ಯಾಕ್ಟ್ ಲೆನ್ಸ್. ಮಬ್ಬಿಲ್ಲ, ಫ್ರೇಮಿನ ಅಡ್ಡಿಯಿಲ್ಲ, ಓರೆನೋಟವೂ ಸ್ಪಷ್ಟ. ಕಣ್ಣಲ್ಲೇ ಹೆಪ್ಪುಗಟ್ಟೀತೇ ಎಂಬ ಭಯ ಬೇಡ, ಕಣ್ಣೀರು ಮತ್ತು ಮೈಬಿಸಿ ಅದನ್ನು ಕಾಯುತ್ತವೆ. ಈ ಮೆತ್ತನೆಯ ಲೆನ್ಸ್ ಹುಟ್ಟಿದ ಬಗೆ ಕೇಳಿ! ಪ್ರಾಗ್‌ನ ರಸಾಯನ ವಿಜ್ಞಾನಿ ಒಟ್ಟೊ ವಿಖ್ಟರ್ಲೆ ನೀರು ಹೀರುವ ಜೆಲ್ಲಿಯಂಥ ಪ್ಲಾಸ್ಟಿಕ್ ಕಂಡುಹಿಡಿದಿದ್ದರು, ಅದನ್ನು ಲೆನ್ಸಿನ ಆಕಾರಕ್ಕೆ ತರಲು ಮಾತ್ರ ಹೆಣಗುತ್ತಿದ್ದರು. 1961ರ ಕ್ರಿಸ್‌ಮಸ್ ದಿನಗಳಲ್ಲಿ ಮನೆಯಲ್ಲೇ ಕೂತು, ಮಕ್ಕಳು ಆಡುವ ಮೆರ್ಕುರ್ ಲೋಹದ ಜೋಡಣೆ ಆಟಿಕೆಗೆ ಸೈಕಲ್ ಡೈನಮೊ ಕಟ್ಟಿ ಒಂದು ಯಂತ್ರ ಮಾಡಿದರು. ಗಿರಗಿರ ತಿರುಗುವ ಪುಟ್ಟ ಅಚ್ಚಿನಲ್ಲಿ ದ್ರವ ತಾನೇ ಅಂಚಿಗೆ ಹರಡಿ ಬಟ್ಟಲಿನ ಆಕಾರ ತಳೆಯಿತು. ಜಗತ್ತಿನ ಕೋಟ್ಯಂತರ ಕಣ್ಣುಗಳ ಮೇಲಿನ ಲೆನ್ಸ್‌ಗೆ ದಾರಿ ಮಾಡಿದ್ದು ಮಕ್ಕಳ ಆಟಿಕೆ!

ಎತ್ತರದ ಒಣಗಾಳಿಗೆ ಲೆನ್ಸ್ ಒಣಗುತ್ತದೆ, ಹಾಗಾಗಿ ದಿನಕ್ಕೊಂದು ಬಳಸಿ ಎಸೆಯುವ ಲೆನ್ಸ್ ಒಳ್ಳೆಯದು. ನಲ್ಲಿ ನೀರಲ್ಲೋ ಕರಗಿದ ಹಿಮದಲ್ಲೋ ಅದನ್ನು ತೊಳೆಯಬಾರದು, ಆ ನೀರಿನ ಸೂಕ್ಷ್ಮಜೀವಿಗಳು ಕಣ್ಣಿನ ಪಾರದರ್ಶಕ ಮುಂಪದರ ಕಾರ್ನಿಯಾವನ್ನೇ ತಿನ್ನಬಲ್ಲವು. ಲೆನ್ಸ್ ಹಾಕಿದ್ದರೂ ಗಾಗಲ್ಸ್ ಬೇಕೇ ಬೇಕು. ರಾತ್ರಿ ಧರಿಸಿ ಮಲಗುವ ಗಟ್ಟಿ ಲೆನ್ಸ್‌ಗಳೂ ಇವೆ. ನಿದ್ದೆಯಲ್ಲಿ ಕಾರ್ನಿಯಾವನ್ನು ಮೆಲ್ಲನೆ ಒತ್ತಿ ತಿದ್ದುತ್ತವೆ, ಹಗಲಿಡೀ ಬರಿಗಣ್ಣಿನಲ್ಲಿ ಇರಬಹುದು.

ಕೊನೆಯ ಬಾಗಿಲು ಲೇಸರ್. 1929ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ನ್ಯೂಯಾರ್ಕ್ ಬಳಿಯ ಐಬಿಎಂ ಪ್ರಯೋಗಶಾಲೆಯಲ್ಲಿದ್ದರು. 1981ರ ನವೆಂಬರ್ 27, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಲ್ಯಾಬಿಗೆ ಒಯ್ದು 193 ನ್ಯಾನೊಮೀಟರ್ ತರಂಗದ ಎಕ್ಸೈಮರ್ ಲೇಸರ್ ಕೆಳಗಿಟ್ಟರು. ಬೇರೆ ಲೇಸರ್ ಸುಟ್ಟು ಕರಕಲು ಮಾಡುವ ಕಡೆ ಇದು ಸುತ್ತ ಬಿಸಿಯೇ ತಾಗದಂತೆ, ಅಚ್ಚುಕಟ್ಟಾಗಿ ಕೊರೆದಿತ್ತು! ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಜತೆ ಅವರು ಕಂಡ ಆ ಗೆರೆಯೇ ಲ್ಯಾಸಿಕ್ ಎಂಬ ಕಣ್ಣಿನ ಲೇಸರ್ ಚಿಕಿತ್ಸೆಯ ಬೇರು. ಅರ್ಧ ಮಿಲಿಮೀಟರ್ ದಪ್ಪದ ಕಾರ್ನಿಯಾವನ್ನು ಇಂದು ಪದರ ಪದರವಾಗಿ ತಿದ್ದಬಹುದಾದರೆ ಅದು ಹಬ್ಬದ ಆ ಊಟದ ಋಣ.

ಆದರೆ ಪರ್ವತಕ್ಕೆ ತನ್ನದೇ ನಿಯಮವಿದೆ. ಲೇಸರ್‌ಗೂ ಮೊದಲು ಕಾರ್ನಿಯಾಕ್ಕೆ ಚಾಕುವಿನಿಂದ ಗೀರು ಹಾಕುವ ಶಸ್ತ್ರಚಿಕಿತ್ಸೆ ಇತ್ತು. ಅದನ್ನು ಮಾಡಿಸಿಕೊಂಡಿದ್ದ ಅಮೆರಿಕದ ವೈದ್ಯ ಬೆಕ್ ವೆದರ್ಸ್ 1996ರ ಮೇ ತಿಂಗಳಲ್ಲಿ ಎವರೆಸ್ಟ್‌ನ ಮೇಲೆ ದೃಷ್ಟಿ ಮಸುಕಾಗಿ ನಿಂತುಬಿಟ್ಟರು. ಆಮ್ಲಜನಕದ ಕೊರತೆಗೆ ಗೀರು ಬಿದ್ದ ಕಾರ್ನಿಯಾ ಆಕಾರ ಬದಲಿಸಿತ್ತು. ಇಂದಿನ ಲೇಸರ್ ಚಿಕಿತ್ಸೆ ಅದಕ್ಕಿಂತ ಬಹಳ ಸ್ಥಿರ. ಹಾಗಿದ್ದರೂ ಕಣ್ಣಿನ ಪವರ್ ಬದಲಾಗದೆ ನಿಂತಿರಬೇಕು, ಕಾರ್ನಿಯಾ ಸಾಕಷ್ಟು ದಪ್ಪವಿರಬೇಕು, ಮಾಗಲು ಸಮಯ ಕೊಡಬೇಕು. ಒಂದು ವಾರದ ಪ್ರವಾಸಕ್ಕಾಗಿ ಯಾರೂ ಕಣ್ಣಿಗೆ ಲೇಸರ್ ಮಾಡಿಸಿಕೊಳ್ಳಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಮೊದಲ ಸಲ ಉತ್ತರಾಖಂಡದ ಔಲಿಗೋ ಗುಲ್ಮಾರ್ಗಕ್ಕೋ ಹೋಗುವವರಿಗೆ ಪಾಲಿಕಾರ್ಬೊನೇಟ್ ಕನ್ನಡಕ, ಓಟಿಜಿ ಗಾಗಲ್ಸ್ ಸಾಕು. ಲೆನ್ಸ್ ರೂಢಿ ಇರುವವರಿಗೆ ದಿನದ ಲೆನ್ಸೇ ಸೊಗಸು.

ಹೊರಡುವ ಒಂದು ತಿಂಗಳ ಮೊದಲೇ ಕಣ್ಣು ಪರೀಕ್ಷೆ ಮಾಡಿಸಿ, ಎಲ್ಲಿಗೆ, ಯಾತಕ್ಕೆ ಹೋಗುತ್ತಿದ್ದೀರಿ ಎಂದು ಡಾಕ್ಟರಿಗೆ ಹೇಳಿ. ಗಾಗಲ್ಸ್ ಕೊಳ್ಳುವಾಗ ಕನ್ನಡಕವನ್ನೂ ಹೆಲ್ಮೆಟ್ಟನ್ನೂ ತೊಟ್ಟೇ ನೋಡಿ. ಹೊಸ ಲೆನ್ಸ್ ಆದರೆ ಮನೆಯಲ್ಲೇ ರೂಢಿ ಮಾಡಿಕೊಳ್ಳಿ. ಬ್ಯಾಗಿನಲ್ಲಿ ಇನ್ನೊಂದು ಜೊತೆ ಕನ್ನಡಕ ಇರಲಿ.