ಮನೆಯಲ್ಲಿ ಹಾಲಿನ ಆಡುಗಳನ್ನು ಸಾಕುವ ಕ್ರಮ

ಹಸುವನ್ನಾಗಲಿ ಎಮ್ಮೆಯನ್ನಾಗಲಿ ಕಟ್ಟಲು ಶಕ್ತಿಯಿಲ್ಲದ ಸಂಸಾರಗಳು ಪ್ರತಿಯೊಂದು ಗ್ರಾಮದಲ್ಲಿಯೂ ಇರುತ್ತವೆ. ಇಂಥ ಮನೆಗಳ ಮಕ್ಕಳಿಗೆ ಹಾಲು ದೊರೆಯಬೇಕಾದರೆ ಆಡನ್ನು ಸಾಕುವುದು ಸುಲಭವಾದ ಉಪಾಯವಾಗಿದೆ. ಆದರೆ ಈ ಕಾರ್ಯವನ್ನು ಕೈಕೊಂಡವರಲ್ಲಿ ಅನೇಕರು ವರ್ಷ ತುಂಬುವುದರೊಳಗಾಗಿ ಅದನ್ನು ಬಿಟ್ಟುಬಿಡುವುದುಂಟು. ಮಳೆಗಾಲದಲ್ಲಿ ಆಡನ್ನು ಕೊಳ್ಳುವರು. ಆಗ ಬೇಲಿಸಾಲಿನಲ್ಲೆಲ್ಲ ಸೊಪ್ಪು ಇರುವುದರಿಂದ ಹಾಲೂ ಬರುತ್ತದೆ. ಮಾಘ ಫಾಲ್ಗುಣಗಳಲ್ಲಿ ಹಸುರು ಒಣಗಿದ ಕೂಡಲೆ ಕೆಚ್ಚಲೂ ಬತ್ತುತ್ತದೆ, ಮರಿ ಸೊರಗುತ್ತದೆ, ಕಡೆಗೆ ಆಡು ಕಟುಕನ ಪಾಲಾಗುತ್ತದೆ. "ಆಡು ಮುಟ್ಟದ ಸೊಪ್ಪಿಲ್ಲ" ಎಂಬ ಗಾದೆಯನ್ನು ನಂಬಿ ಮೇವಿನ ಯೋಚನೆಯನ್ನೇ ಮಾಡದಿರುವುದು ಇದಕ್ಕೆ ಮುಖ್ಯ ಕಾರಣ. ಆಡು ಎಲ್ಲ ಸೊಪ್ಪನ್ನೂ ಮುಟ್ಟುವುದು ನಿಜ. ಮುಟ್ಟಿದ ಸೊಪ್ಪೆಲ್ಲ ಹಾಲಾಗುವುದಿಲ್ಲ. ಆದಕಾರಣ ಮೊದಲು ಮೇವು, ಅನಂತರ ಆಡು ಎಂಬುದನ್ನು ನಿಯಮವಾಗಿ ಇಟ್ಟುಕೊಳ್ಳತಕ್ಕದ್ದು.

1. ಮೇವು.— ಆಡನ್ನು ಕೊಳ್ಳುವುದಕ್ಕೆ ಒಂದು ವರ್ಷ ಮುಂಚಿತವಾಗಿ, ಮುಂಗಾರಿನ ಆರಂಭದಲ್ಲಿ, ಹೊಲದ ಬದುಗಳ ಮೇಲೂ ಹಿತ್ತಿಲಿನಲ್ಲಿಯೂ ಚೊಗಚೆ ಎಂದರೆ ಅಗಸೆ ಮರ, ನುಗ್ಗೆ, ಸುಬಾಬುಲ್ ಗಿಡಗಳನ್ನು ಬೆಳೆಸಬೇಕು. ಚೊಗಚೆಯಲ್ಲಿ ಪಕ್ಕದ ರೆಂಬೆಗಳನ್ನು ಮಾತ್ರ ಸವರತಕ್ಕದ್ದು. ನಡುಕಾಂಡವನ್ನು ತಗ್ಗಾಗಿ ಕಡಿದರೆ ಮರವು ಸಾಯುವ ಸಂಭವ ಉಂಟು. ಸುಬಾಬುಲ್ ಸೊಪ್ಪು ಒಟ್ಟು ಮೇವಿನ ಮೂರನೆಯ ಒಂದು ಪಾಲನ್ನು ಮೀರಬಾರದು.

ಹಾಲು ಕೊಡುವ 30 ಕಿಲೋ ತೂಕದ ಆಡಿಗೆ ದಿನವೊಂದಕ್ಕೆ ಸುಮಾರು 3 ಕಿಲೋ ಹಸುರು ಸೊಪ್ಪು, ಅರ್ಧ ಕಿಲೋ ಹುರುಳಿ, ತೊಗರಿ ಅಥವಾ ಅವರೆಯ ಹೊಟ್ಟು, ಹಿಂಡಿ ತೌಡು ನುಚ್ಚು ಸೇರಿದ 300 ಗ್ರಾಂ ತಿಂಡಿ, ಸ್ವಲ್ಪ ಉಪ್ಪು ಮತ್ತು ಬೇಕಾದಷ್ಟು ಶುದ್ಧವಾದ ನೀರು ಕೊಡಬೇಕು. ಧಾನ್ಯವನ್ನು ಒಮ್ಮೆಲೆ ಹೆಚ್ಚಾಗಿ ತಿಂದರೆ ಹೊಟ್ಟೆ ಕೆಟ್ಟು ಪ್ರಾಣಾಪಾಯವಾಗಬಹುದು. ತುಳಿದು ಹೊಲಸಾದ ಸೊಪ್ಪನ್ನು ಆಡು ತಿನ್ನುವುದಿಲ್ಲವಾದ್ದರಿಂದ ಅದನ್ನು ಕಂತೆ ಕಟ್ಟಿ ತಲೆಯೆತ್ತರಕ್ಕೆ ತೂಗಹಾಕಬೇಕು. ಕಣಗಿಲೆಯ ಎಲೆಯೂ ನೀರಿಲ್ಲದೆ ಬಾಡಿದ ಎಳೆಯ ಜೋಳದ ಪೈರೂ ವಿಷವೆಂಬುದನ್ನು ಮರೆಯತಕ್ಕದ್ದಲ್ಲ.

2. ಆಯ್ಕೆ.— ಉತ್ತರ ಪ್ರದೇಶದ ಇಟಾವಾ ಸೀಮೆಯ ಜಮುನಾಪಾರಿ, ಪಂಜಾಬಿನ ಬೀಟಲ್ ತಳಿಗಳು ಹಾಲಿಗೆ ಹೆಸರಾದವು. ಚೆನ್ನಾಗಿ ಸಾಕಿದರೆ ದಿನಕ್ಕೆ ಒಂದರಿಂದ ಎರಡು ಲೀಟರ್ ವರೆಗೆ ಕರೆಯುತ್ತವೆ. ನಮ್ಮ ನಂದಿದುರ್ಗದ ಆಡುಗಳು ಮುಖ್ಯವಾಗಿ ಮಾಂಸಕ್ಕಾಗಿ ಸಾಕಲ್ಪಡುವಂಥವು. ಇವುಗಳಲ್ಲಿ ಮರಿ ಕುಡಿದು ಮಿಗುವ ಹಾಲು ಕಡಿಮೆ. ಮೊದಲ ಸಲ ಸಾಕುವವರು ಸಮೀಪದ ಊರಿನಲ್ಲಿಯೇ ಬೆಳೆದು ಎರಡನೆಯ ಅಥವಾ ಮೂರನೆಯ ಸೂಲಿನಲ್ಲಿರುವ ಮಿಶ್ರತಳಿಯ ಆಡನ್ನು ಆರಿಸುವುದು ಉತ್ತಮ.

ಸಂತೆಯಲ್ಲಿ ಕೆಚ್ಚಲಿನ ಗಾತ್ರವನ್ನು ನೋಡಿ ಬೆಲೆಕಟ್ಟಬಾರದು. ಒಂದು ಹೊತ್ತು ಕರೆಯದೆ ಬಿಟ್ಟರೆ ಯಾವ ಕೆಚ್ಚಲಾದರೂ ತುಂಬಿ ತೋರುವುದು. ಮಾರುವವನ ಮನೆಗೆ ಹೋಗಿ ಸಂಜೆಯೂ ಮರುದಿನ ಬೆಳಗ್ಗೆಯೂ ಎದುರಿಗೇ ಕರೆಯಿಸಿ ಅಳೆಯಬೇಕು. ಕರೆದ ಬಳಿಕ ಕೆಚ್ಚಲು ಗಂಟುಗಳಿಲ್ಲದೆ ಮೆತ್ತಗಿರಬೇಕು.

3. ಸಂಖ್ಯೆ.— ಒಂಟಿಯಾದ ಆಡು ಅರಚುತ್ತ ಮೇವನ್ನು ಬಿಡುವುದುಂಟು; ಹೆಚ್ಚು ಆಡುಗಳಾದರೆ ಮೇವು ಸಾಲದು. ಆದುದರಿಂದ ಎರಡರಿಂದ ಪ್ರಾರಂಭಿಸಬೇಕು. ಗರ್ಭಕಾಲವು ಸುಮಾರು 150 ದಿನಗಳು. ಒಂದನ್ನು ಆಷಾಢದಲ್ಲಿಯೂ ಇನ್ನೊಂದನ್ನು ಮಾರ್ಗಶಿರದಲ್ಲಿಯೂ ಬೆದೆಗೆ ಬಂದಾಗ ಹೋತಕ್ಕೆ ಬಿಟ್ಟರೆ ವರ್ಷದ ಬಹುಭಾಗ ಮನೆಯಲ್ಲಿ ಹಾಲಿರುವುದು. ಈಯುವುದಕ್ಕೆ ಎರಡು ತಿಂಗಳು ಮುಂಚೆ ಕರೆಯುವುದನ್ನು ನಿಲ್ಲಿಸಬೇಕು. ಹೋತದ ವಾಸನೆ ಹಾಲಿಗೆ ಹತ್ತುವುದರಿಂದ ಅದನ್ನು ದೂರದಲ್ಲಿ ಕಟ್ಟತಕ್ಕದ್ದು.

4. ವಸತಿ ಮತ್ತು ಆರೋಗ್ಯ.— ಆಡು ಚಳಿಗಿಂತಲೂ ತೇವಕ್ಕೆ ಹೆಚ್ಚು ಬಳಲುತ್ತದೆ. ಒಂದೊಂದಕ್ಕೆ 10ರಿಂದ 12 ಚದರ ಅಡಿಗಳಂತೆ, ಸಂದು ಬಿಟ್ಟು ಹೊಡೆದ ಬಿದಿರು ದಬ್ಬೆಗಳ ಅಟ್ಟಣೆಯನ್ನು ನೆಲದಿಂದ ಮೂರಡಿ ಎತ್ತರದಲ್ಲಿ ಮಾಡಿದರೆ ಹಿಕ್ಕೆ ಕೆಳಗೆ ಬಿದ್ದು ಗೊಬ್ಬರಕ್ಕೆ ಒದಗುವುದು. ಮರಿಗೆ ಹುಟ್ಟಿದ ಒಂದು ಗಂಟೆಯೊಳಗಾಗಿ ಗಿಣ್ಣುಹಾಲನ್ನು ಕುಡಿಸಬೇಕು. ಪಿ.ಪಿ.ಆರ್. ರೋಗಕ್ಕೂ ಕರುಳುಬೇನೆಗೂ ಪಶುವೈದ್ಯರಿಂದ ಲಸಿಕೆ ಹಾಕಿಸಿ, ಜಂತುಹುಳುವಿಗೆ ಔಷಧಿ ಕೊಡಿಸಬೇಕು.

5. ಹಾಲಿನ ಉಪಯೋಗ.— ಹಸಿಹಾಲಿನಿಂದ ಕಂದುರೋಗ ಮೊದಲಾದವು ಮನುಷ್ಯರಿಗೆ ಹರಡಬಹುದಾದ್ದರಿಂದ ಹಾಲನ್ನು ತಪ್ಪದೆ ಕಾಯಿಸಬೇಕು. ಒಂದು ವರ್ಷ ತುಂಬದ ಶಿಶುವಿಗೆ ತಾಯಿಯ ಹಾಲಿಗೆ ಬದಲಾಗಿ ಆಡಿನ ಹಾಲನ್ನು ಕೊಡತಕ್ಕದ್ದಲ್ಲ. ಇದರಲ್ಲಿ ಫೋಲೇಟ್ ಎಂಬ ಸತ್ವವು ಕಡಿಮೆಯಿದ್ದು ರಕ್ತಹೀನತೆ ಉಂಟಾಗಬಹುದು. ದೊಡ್ಡ ಮಕ್ಕಳಿಗೆ ಇದು ಒಳ್ಳೆಯ ಆಹಾರ.

ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಮನಸ್ಸು ಮಾಡಿದರೆ ಈ ಕಾರ್ಯವು ಬಡವರಿಗೂ ಸಾಧ್ಯವಾಗುವುದು. ಭೂಮಿಯಿಲ್ಲದವನು ಆಡನ್ನು ಹೇಗಾದರೂ ಕೊಂಡಾನು. ಮರ ನೆಡಲು ಅವನಿಗೆ ಸ್ಥಳವಿಲ್ಲ. ತಮ್ಮ ಹೊಲದ ಬದುವಿನ ಮೇಲೆ ಹತ್ತಿಪ್ಪತ್ತು ಚೊಗಚೆ ಗಿಡಗಳನ್ನು ಬೆಳೆಸಿಕೊಂಡು ಸೊಪ್ಪನ್ನು ಕೊಯ್ದುಕೊಳ್ಳಲು ಅವನಿಗೆ ಅನುಮತಿ ಕೊಟ್ಟಲ್ಲಿ, ಆಡು ಮನೆಯಲ್ಲಿಯೇ ಕಟ್ಟಿ ಮೇಯುವುದು. ಪೈರಿಗೆ ನುಗ್ಗುವುದೂ ಅದರಿಂದ ಹುಟ್ಟುವ ವ್ಯಾಜ್ಯಗಳೂ ತಪ್ಪುವುವು. ಬರುವ ಮುಂಗಾರಿನ ಮೊದಲ ಹದ ಮಳೆಗೇ ಬೀಜವನ್ನು ಊರಿಸುವುದು ಯುಕ್ತ.